ಕೆರೆ ಹೂಳಿನಲ್ಲಿ ಸಿಕ್ಕ ಹಲ್ಲು ಅಳಿದುಹೋದ ಒಂಟೆಯದ್ದೇ? ಫಾರ್ವರ್ಡ್ ಮಾಡುವ ಮುನ್ನ ಹೀಗೆ ನೋಡಿ

ಬೇಸಿಗೆಯಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಕೆರೆಗಳು ಒಣಗಿ ಹೂಳೆತ್ತುವ ಕೆಲಸ ಶುರುವಾದರೆ ಜೆಸಿಬಿ ಬಕೆಟ್ಟಿನಲ್ಲಿ ಏನೇನೋ ಮೇಲೆ ಬರುತ್ತದೆ. ಮಡಕೆ ಚೂರು, ಹಳೇ ಲಾಳ, ಮೂಳೆ, ಒಮ್ಮೊಮ್ಮೆ ಬೆರಳುದ್ದದ ಕಪ್ಪು ಹಲ್ಲು. ಹಲ್ಲು ಸಿಕ್ಕಿತೆಂದರೆ ಫೋಟೊ ತೆಗೆಯದೆ ಬಿಡುವವರಿಲ್ಲ. ಫೋಟೊವನ್ನು ಮೊಬೈಲ್‌ನ ಚಿತ್ರ ಹುಡುಕುವ ಆ್ಯಪ್‌ಗೆ ಹಾಕಿದರೆ ಅದು "ಕ್ಯಾಮೆಲಾಪ್ಸ್, ಅಳಿದುಹೋದ ಒಂಟೆ ಜಾತಿ" ಎಂದು ಹೇಳಿಬಿಡಬಹುದು. ಅಲ್ಲಿಂದ "ನಮ್ಮ ಊರಿನಲ್ಲಿ ಲಕ್ಷ ವರ್ಷದ ಒಂಟೆ ಹಲ್ಲು ಪತ್ತೆ" ಎಂಬ ಫಾರ್ವರ್ಡ್‌ಗೆ ಒಂದೇ ಹೆಜ್ಜೆ.

ಆ್ಯಪ್ ಯಾಕೆ ಹಾಗೆ ಹೇಳುತ್ತದೆ ಎಂಬುದನ್ನು ಮೊದಲು ನೋಡೋಣ. ಇಂಥ ಆ್ಯಪ್ ಹಲ್ಲನ್ನು ಪರೀಕ್ಷಿಸುವುದಿಲ್ಲ, ನಿಮ್ಮ ಚಿತ್ರವನ್ನು ಅಂತರ್ಜಾಲದಲ್ಲಿರುವ ಬೇರೆ ಚಿತ್ರಗಳ ಜೊತೆ ಹೋಲಿಸುತ್ತದೆ. ಸತ್ತ ಎಮ್ಮೆಯ ದವಡೆ ಹಲ್ಲನ್ನು ಚೆಂದವಾಗಿ ಫೋಟೊ ತೆಗೆದು ಹೆಸರು ಬರೆದು ಹಾಕುವವರು ಯಾರಿದ್ದಾರೆ? ಹಲ್ಲುಗಳ ಚಿತ್ರಗಳನ್ನು ಹೆಚ್ಚಾಗಿ ಹಾಕುವವರು ಪಳೆಯುಳಿಕೆ ಮಾರುವವರು ಮತ್ತು ಸಂಗ್ರಹಿಸುವವರು, ಅವರಲ್ಲಿ ಬಹಳ ಮಂದಿ ಅಮೆರಿಕದವರು. ಹಾಗಾಗಿ ಕಪ್ಪಾದ, ದೊಡ್ಡ, ಸಸ್ಯಾಹಾರಿ ಹಲ್ಲು ಕಂಡರೆ ಅಲ್ಲಿನ ಪ್ರಾಣಿಯ ಹೆಸರು ಮೊದಲು ಬರುವುದರಲ್ಲಿ ಆಶ್ಚರ್ಯವಿಲ್ಲ. ಕ್ಯಾಮೆಲಾಪ್ಸ್ ಇದ್ದದ್ದು ಉತ್ತರ ಅಮೆರಿಕದಲ್ಲಿ. 2007ರಲ್ಲಿ ಅರಿಜೋನಾ ರಾಜ್ಯದ ಮೆಸಾ ಪಟ್ಟಣದಲ್ಲಿ ವಾಲ್‌ಮಾರ್ಟ್ ಮಳಿಗೆಯ ಜಾಗ ಅಗೆಯುವಾಗ ಅದರ ಮೂಳೆಗಳು ಸಿಕ್ಕಿದ್ದವು. ಅದು ಭಾರತಕ್ಕೆ ಬಂದ ಪ್ರಾಣಿಯೇ ಅಲ್ಲ.

ಹಾಗಾದರೆ ಭಾರತದಲ್ಲಿ ಅಳಿದುಹೋದ ಒಂಟೆ ಇರಲೇ ಇಲ್ಲವೇ? ಇತ್ತು. ಒಂಟೆಯ ವಂಶ ಹುಟ್ಟಿದ್ದು ಮರಳುಗಾಡಿನಲ್ಲಲ್ಲ, ಸುಮಾರು 4.5 ಕೋಟಿ ವರ್ಷಗಳ ಹಿಂದೆ ಉತ್ತರ ಅಮೆರಿಕದಲ್ಲಿ. ಸುಮಾರು 70 ಲಕ್ಷ ವರ್ಷಗಳ ಹಿಂದೆ ಅದರ ಒಂದು ಕವಲು ಅಲಾಸ್ಕಾ ಮತ್ತು ಸೈಬೀರಿಯಾ ನಡುವೆ ಆಗ ಇದ್ದ ನೆಲದ ಸೇತುವೆ ದಾಟಿ ಏಷ್ಯಾಕ್ಕೆ ಬಂತು. ಅದರ ವಂಶದ್ದೇ ಒಂದು ಜಾತಿ ಹಿಮಾಲಯದ ತಪ್ಪಲಿನ ಶಿವಾಲಿಕ್ ಬೆಟ್ಟಗಳಲ್ಲಿ ಬದುಕಿತ್ತು. ಸಹಾರನ್‌ಪುರದ ಸಸ್ಯೋದ್ಯಾನದ ಮುಖ್ಯಸ್ಥ ಹ್ಯೂ ಫಾಲ್ಕನರ್ ಮತ್ತು ಮುಂದೆ ಗಂಗಾ ಕಾಲುವೆ ಕಟ್ಟಿಸಿದ ಎಂಜಿನಿಯರ್ ಪ್ರಾಬಿ ಕಾಟ್ಲಿ 1836ರಲ್ಲಿ ಅದಕ್ಕೆ ಕ್ಯಾಮೆಲಸ್ ಶಿವಾಲೆನ್ಸಿಸ್ ಎಂದು ಹೆಸರಿಟ್ಟರು. ಅಲ್ಲಿನ ಮರಳುಗಲ್ಲು, ಜೇಡಿಪದರಗಳಲ್ಲಿ ಆನೆ, ಜಿರಾಫೆ, ಕುದುರೆಗಳ ಜೊತೆಗೆ ಅದರ ದವಡೆ, ಹಲ್ಲುಗಳು ಸಿಗುತ್ತವೆ.

ಆದರೆ ನಮ್ಮ ನಾಲ್ಕು ತಾಲ್ಲೂಕುಗಳ ನೆಲ ಬೇರೆ ಥರದ್ದು.

ಮಧುಗಿರಿಯ ಏಕಶಿಲಾ ಬೆಟ್ಟ, ಪಾವಗಡದ ಕೋಟೆ ಬೆಟ್ಟ ಎಲ್ಲವೂ ಗ್ರಾನೈಟ್. ಇದು ಭೂಮಿಯ ಒಳಗೆ ಕರಗಿದ ಕಲ್ಲು ನಿಧಾನವಾಗಿ ತಣ್ಣಗಾಗಿ ಆದದ್ದು, ವಯಸ್ಸು ಸುಮಾರು 250 ಕೋಟಿ ವರ್ಷ. ಆಗ ಮೂಳೆ, ಹಲ್ಲು ಇರುವ ಪ್ರಾಣಿ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ಇದ್ದಿದ್ದರೂ ಕುದಿಯುವ ಕಲ್ಲಿನಲ್ಲಿ ಉಳಿಯುತ್ತಿರಲಿಲ್ಲ. ಆದ್ದರಿಂದ "ಮಧುಗಿರಿ ಬೆಟ್ಟದ ಬಂಡೆಯೊಳಗೆ ಪ್ರಾಣಿಯ ಹಲ್ಲು" ಎಂಬ ಸುದ್ದಿ ಬಂದರೆ ಯೋಚನೆಯೇ ಬೇಡ, ಅದು ಸುಳ್ಳು. ಬಂಡೆಯಲ್ಲಿ ಹಲ್ಲಿನ ಹಾಗೆ ಕಾಣುವುದು ಬಿಳಿ ಫೆಲ್ಡ್‌ಸ್ಪಾರ್ ಹರಳು ಇರಬಹುದು, ಈ ಗ್ರಾನೈಟ್‌ನಲ್ಲಿ ಅವು ಬೆರಳ ಗಾತ್ರಕ್ಕೂ ಬೆಳೆದಿರುತ್ತವೆ.

ಬಂಡೆಯ ಮೇಲಿನ ಮಣ್ಣಿನ ವಿಷಯ ಹಾಗಲ್ಲ. ಜಯಮಂಗಲಿ, ಸುವರ್ಣಮುಖಿ ನದಿಗಳ ದಂಡೆಯ ಮೆಕ್ಕಲು, ಕೆರೆಯ ತಳದ ಜೇಡಿ, ಹಳ್ಳದ ಕೊರಕಲು, ಇಲ್ಲೆಲ್ಲ ಹಳೆಯ ಮೂಳೆ ಹಲ್ಲು ಉಳಿಯುವುದು ಸಾಧ್ಯ. ಕರ್ನಾಟಕದಲ್ಲಿ ಇದಕ್ಕೆ ಉದಾಹರಣೆ ಇದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಗೋಕಾಕದ ಹತ್ತಿರ ಘಟಪ್ರಭಾ ಕಣಿವೆಯ ಮೆಕ್ಕಲಿನಲ್ಲಿ ಸಿಕ್ಕ ಘೇಂಡಾಮೃಗದ ಪಳೆಯುಳಿಕೆಯನ್ನು 1874ರಲ್ಲಿ ಹೊಸ ಜಾತಿ ಎಂದು ವರ್ಣಿಸಿ ರೈನೋಸೆರಸ್ ಡೆಕ್ಕನೆನ್ಸಿಸ್ ಎಂದು ಹೆಸರಿಟ್ಟರು. ಬೆಳಗಾವಿ ಜಿಲ್ಲೆಯಲ್ಲಿ ಘೇಂಡಾಮೃಗ! ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯಲ್ಲೂ ಕಲ್ಲಿನ ಆಯುಧಗಳ ಜೊತೆ ಆನೆ, ದನಗಳ ಹಳೆಯ ಹಲ್ಲುಗಳು ಸಿಕ್ಕಿವೆ. ಆದ್ದರಿಂದ ತುಮಕೂರು ಜಿಲ್ಲೆಯ ಮಣ್ಣಿನಲ್ಲಿ ಹಳೆಯದೊಂದು ಹಲ್ಲು ಸಿಗುವುದು ಅಸಾಧ್ಯವಲ್ಲ. ಸಿಕ್ಕ ಹಲ್ಲನ್ನು ಓದುವುದು ಗೊತ್ತಿರಬೇಕು, ಅಷ್ಟೆ.

ಹಲ್ಲನ್ನು ಓದುವುದು

ಸಿದ್ಧಗಂಗೆ ದನದ ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ "ಎರಡು ಹಲ್ಲು", "ನಾಲ್ಕು ಹಲ್ಲು", "ಬಾಯಿಗೂಡಿದೆ" ಎಂದು ವಯಸ್ಸು ಹೇಳುವ ರೈತರು ನೋಡುವುದು ಕೆಳದವಡೆಯ ಮುಂದಿನ ಹಲ್ಲುಗಳನ್ನು. ಮಣ್ಣಿನಲ್ಲಿ ಸಿಗುವುದು ಸಾಮಾನ್ಯವಾಗಿ ಹಿಂದಿನ ದವಡೆ ಹಲ್ಲು. ಇದು ಬದುಕಿರುವ ದನದ ಬಾಯಲ್ಲಿ ಮೇಲಕ್ಕೆ ಸ್ವಲ್ಪವೇ ಕಾಣುತ್ತದೆ, ಉಳಿದದ್ದು ದವಡೆಯೊಳಗೆ ಹುದುಗಿರುತ್ತದೆ. ಹುಲ್ಲು ಅಗಿದು ಅಗಿದು ಮೇಲೆ ಸವೆದ ಹಾಗೆ ಕೆಳಗಿನಿಂದ ಮೇಲಕ್ಕೆ ಏರುತ್ತಾ ಬರುತ್ತದೆ. ಹೀಗಾಗಿ ಎಳೆ ಪ್ರಾಯದ ಎತ್ತು ಸತ್ತು ದವಡೆ ಕರಗಿ ಹಲ್ಲು ಒಂಟಿಯಾಗಿ ಬಿದ್ದರೆ ಐದಾರು ಸೆಂಟಿಮೀಟರ್ ಉದ್ದದ, ಯಾವುದೋ ದೈತ್ಯ ಪ್ರಾಣಿಯದ್ದು ಅನಿಸುವಂಥ ವಸ್ತು ಕೈಗೆ ಸಿಗುತ್ತದೆ. ಜೀವಮಾನವಿಡೀ ದನ ಸಾಕಿದವರೂ ಅದನ್ನು ನೋಡಿ ಗಾಬರಿಯಾಗಬಹುದು. ನಮ್ಮ ಮಟ್ಟಿಗೆ ಇಂಥ ಫಾರ್ವರ್ಡ್‌ಗಳ ಅರ್ಧ ಕಥೆ ಇಲ್ಲೇ ಮುಗಿಯುತ್ತದೆ.

ಈಗ ಹಲ್ಲಿನ ಅಗಿಯುವ ಮೇಲ್ಮೈ ನೋಡಿ. ನುಣ್ಣನೆಯ ಗುಬುಟುಗಳಿದ್ದರೆ ಹಂದಿ. ಸಾಲಾಗಿ ಜೋಡಿಸಿದ ಬಿಲ್ಲೆಗಳಂತಿದ್ದರೆ ಆನೆ. ಚೌಕವಾದ ಉದ್ದ ಕಂಬದ ತುದಿಯಲ್ಲಿ ಎನಾಮೆಲ್ ಗೆರೆ ಸುಕ್ಕುಸುಕ್ಕಾಗಿ, ರಂಗೋಲಿ ಎಳೆಯಂತೆ ಸುತ್ತಿಕೊಂಡಿದ್ದರೆ ಕುದುರೆ ಅಥವಾ ಕತ್ತೆ. ಎದುರುಬದುರಾಗಿ ಅರ್ಧಚಂದ್ರಗಳು ಕಂಡರೆ ಅದು ದನ, ಎಮ್ಮೆ, ಕುರಿ, ಮೇಕೆ, ಜಿಂಕೆ, ಕೃಷ್ಣಮೃಗ ಅಥವಾ ಒಂಟೆ. ಗೊಂದಲ ಇರುವುದು ಈ ಕೊನೆಯ ಗುಂಪಿನಲ್ಲೇ.

ಇಲ್ಲಿ ಒಂದು ಸಣ್ಣ ಗುರುತು ಬಹಳ ಕೆಲಸಕ್ಕೆ ಬರುತ್ತದೆ. ದನ ಮತ್ತು ಎಮ್ಮೆಯ ದವಡೆ ಹಲ್ಲಿನ ಎರಡು ಭಾಗಗಳ ನಡುವಿನ ಸಂದಿಯಲ್ಲಿ ಬುಡದಿಂದ ಮೇಲೇಳುವ ಒಂದು ಪುಟ್ಟ ಕಂಬ ಇರುತ್ತದೆ. ಮೇಲ್ದವಡೆಯ ಹಲ್ಲಾದರೆ ನಾಲಿಗೆಯ ಬದಿಗೆ, ಕೆಳದವಡೆಯದ್ದಾದರೆ ಕೆನ್ನೆಯ ಬದಿಗೆ. ಹಲ್ಲು ಸವೆದಿದ್ದರೆ ಈ ಕಂಬದ ತುದಿ ಮೇಲ್ಮೈಯಲ್ಲಿ ಚಿಕ್ಕ ಉಂಗುರದಂತೆ ಕಾಣುತ್ತದೆ, ಸವೆಯದಿದ್ದರೆ ಪಕ್ಕದಿಂದ ನೋಡಬೇಕು. ಒಂಟೆಯ ಹಲ್ಲಿನಲ್ಲಿ ಈ ಕಂಬ ಇಲ್ಲ. ಕುರಿ, ಮೇಕೆಗಳಲ್ಲೂ ಇಲ್ಲ, ಆದರೆ ಅವುಗಳ ಹಲ್ಲು ಎಷ್ಟು ಸಣ್ಣದೆಂದರೆ ಒಂಟೆಯ ಜೊತೆ ಗೊಂದಲವಾಗುವುದಿಲ್ಲ. ಕಡವೆಯಂಥ ಜಿಂಕೆಗಳಲ್ಲಿ ಪುಟ್ಟ ಕಂಬ ಇರುವುದುಂಟು. ಅಂದರೆ ಅರ್ಧಚಂದ್ರ, ದೊಡ್ಡ ಗಾತ್ರ, ಜೊತೆಗೆ ಕಂಬ ಇದ್ದರೆ ಬಹುತೇಕ ಅದು ಎತ್ತು, ಹಸು ಇಲ್ಲವೇ ಎಮ್ಮೆ. ಅರ್ಧಚಂದ್ರ, ದನಕ್ಕಿಂತ ದೊಡ್ಡ ಗಾತ್ರ, ಕಂಬವಿಲ್ಲ ಎಂದಾದರೆ ಒಂಟೆಯ ಮಾತು ಎತ್ತಬಹುದು.

ಕೆಳದವಡೆಯ ಕೊನೆಯ ಹಲ್ಲು ಎರಡರ ಬದಲು ಮೂರು ಭಾಗವಾಗಿರುತ್ತದೆ. "ಮೂರು ಭಾಗ ಇದೆ, ಇದು ಅಪರೂಪದ ಪ್ರಾಣಿ" ಎಂದುಕೊಳ್ಳಬೇಡಿ, ದನ, ಒಂಟೆ, ಮೇಕೆ ಎಲ್ಲಕ್ಕೂ ಹಾಗೇ. ಇನ್ನೊಂದು ಮೋಸ ಹೋಗುವ ಜಾಗ ಒಂಟೆಯ ಮುಂದಿನ ಹಲ್ಲು. ದನದ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇರುವುದಿಲ್ಲ, ಗಟ್ಟಿ ವಸಡು ಮಾತ್ರ. ಒಂಟೆಗೆ ಅಲ್ಲಿ ಚೂಪಾದ ಕೋರೆಹಲ್ಲೂ ಕೋರೆಯಂಥದ್ದೇ ಬಾಚಿಹಲ್ಲೂ ಇರುತ್ತವೆ. ದೊಡ್ಡ ಒಂಟೆಗೆ ಒಟ್ಟು 34 ಹಲ್ಲು, ದನಕ್ಕೆ 32. ಆ ಚೂಪು ಹಲ್ಲು ಒಂಟಿಯಾಗಿ ಸಿಕ್ಕರೆ ಚಿರತೆಯದ್ದೋ ಕರಡಿಯದ್ದೋ ಅನಿಸುತ್ತದೆ.

ಒಂಟೆಯದ್ದೇ ಆದರೂ ಯಾವ ಕಾಲದ್ದು?

ಎಲ್ಲ ಗುರುತೂ ಹೊಂದಿ ಹಲ್ಲು ಒಂಟೆಯದ್ದು ಎಂದೇ ಆಯಿತೆನ್ನಿ. ಆಗಲೂ "ಅಳಿದುಹೋದ" ಎಂಬ ಪದ ಸೇರಿಸುವ ಮೊದಲು ಶಿರಾದ ಇತಿಹಾಸ ನೆನಪಿಸಿಕೊಳ್ಳಬೇಕು. 1687ರಿಂದ ಶಿರಾ ಮೊಘಲರ ಒಂದು ಪ್ರಾಂತ್ಯದ ರಾಜಧಾನಿಯಾಗಿತ್ತು. ಮೊಘಲ್ ಸೇನೆಯಲ್ಲಿ ಸಾಮಾನು ಹೊರಲು ಒಂಟೆ, ಬೆನ್ನ ಮೇಲೆ ಸಣ್ಣ ತುಪಾಕಿ ಹೊತ್ತು ಯುದ್ಧಕ್ಕೆ ಹೋಗಲೂ ಒಂಟೆ. ಅದಕ್ಕೂ ಮೊದಲೇ ಒಂಟೆ ಈ ಸೀಮೆಗೆ ಹೊಸದಲ್ಲ, ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಒಂಟೆಗಳ ಸಾಲನ್ನು ಕೆತ್ತಿದ್ದಾರೆ. ಸೇನೆ ಬೀಡುಬಿಟ್ಟ ಕಡೆ ಸತ್ತ ಒಂಟೆಗಳ ಮೂಳೆ ಉಳಿದಿರಬಹುದು. ಶಿರಾ ಸುತ್ತ ಒಂಟೆ ಹಲ್ಲು ಸಿಕ್ಕರೆ ನಾವು ಮೊದಲು ಅನುಮಾನಿಸುವುದು ಸುಬೇದಾರನ ಲಾಯವನ್ನು, ಹಿಮಯುಗವನ್ನಲ್ಲ. ಅದೂ ಒಳ್ಳೆಯ ಶೋಧವೇ ಅಲ್ಲವೇ? ಮುನ್ನೂರು ವರ್ಷದ ಹಿಂದಿನ ಸೇನಾ ಬೀಡಿನ ಜಾಗವನ್ನು ಒಂದು ಹಲ್ಲು ತೋರಿಸಿಕೊಟ್ಟರೆ ಇತಿಹಾಸಕಾರರಿಗೆ ಅದು ಚಿನ್ನ.

"ಕಪ್ಪಾಗಿದೆ, ಹಾಗಾಗಿ ಲಕ್ಷಾಂತರ ವರ್ಷ ಹಳೆಯದು" ಎನ್ನುವುದು ಇನ್ನೊಂದು ತಪ್ಪು. ಕೆರೆ ಜೇಡಿಯಲ್ಲಿರುವ ಮ್ಯಾಂಗನೀಸ್, ಕಬ್ಬಿಣ, ಕೊಳೆತ ಎಲೆಯ ಒಗರು ಸೇರಿ ಮೂಳೆಗೆ ಬಣ್ಣ ಹತ್ತಿಸುತ್ತವೆ. ಅದಕ್ಕೆ ಯುಗಗಳು ಬೇಕಾಗಿಲ್ಲ. ಬೆಂಕಿಯಲ್ಲಿ ಸುಟ್ಟು ಕೂದಲು ಸುಟ್ಟ ವಾಸನೆ ಬರುತ್ತದೆಯೇ ನೋಡಿ ಎಂಬ ಸಲಹೆಯೂ ಓಡಾಡುತ್ತದೆ. ಹೊಸ ಮೂಳೆಯಲ್ಲಿ ಪ್ರೋಟೀನ್ ಇರುವುದರಿಂದ ವಾಸನೆ ಬರುವುದು ನಿಜ, ಆದರೆ ಪರೀಕ್ಷೆ ಮುಗಿಯುವ ಹೊತ್ತಿಗೆ ಹಲ್ಲೂ ಹಾಳಾಗಿರುತ್ತದೆ. ನಾಲಿಗೆಗೆ ಅಂಟಿದರೆ ಪಳೆಯುಳಿಕೆ ಎಂಬ ಸಲಹೆ ಅದಕ್ಕಿಂತ ಕೆಟ್ಟದ್ದು. ನೆರಡಿ ರೋಗದಿಂದ, ಅಂದರೆ ಆಂಥ್ರಾಕ್ಸ್‌ನಿಂದ ಸತ್ತ ದನವನ್ನು ಹೂತ ಮಣ್ಣಿನಲ್ಲಿ ಅದರ ಬೀಜಕಣಗಳು ದಶಕಗಟ್ಟಲೆ ಬದುಕಿರುತ್ತವೆ. ಮಣ್ಣಿನಿಂದ ಬಂದ ಮೂಳೆಯನ್ನು ದಯವಿಟ್ಟು ಯಾರೂ ನೆಕ್ಕಬೇಡಿ.

ಫ್ಲೋರೈಡ್ ಮತ್ತು ಹಲ್ಲು

ಈ ನಾಲ್ಕು ತಾಲ್ಲೂಕುಗಳಿಗೆ ಮಾತ್ರ ವಿಶೇಷವಾಗಿ ಹೇಳಬೇಕಾದ ವಿಷಯ ಒಂದಿದೆ. ಇಲ್ಲಿನ ಗ್ರಾನೈಟ್‌ನ ಖನಿಜಗಳಿಂದ ಅಂತರ್ಜಲಕ್ಕೆ ಫ್ಲೋರೈಡ್ ಸೇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5 ಮಿಲಿಗ್ರಾಂ ತನಕ ಸರಿ ಎನ್ನುತ್ತದೆ ಭಾರತೀಯ ಮಾನಕ. ಪಾವಗಡ ಸೀಮೆಯ ಎಷ್ಟೋ ಬೋರ್‌ವೆಲ್‌ಗಳು ಈ ಮಿತಿಯನ್ನು ಮೀರಿವೆ. ಪರಿಣಾಮ ಇಲ್ಲಿನವರಿಗೆ ಹೇಳಿಕೊಡಬೇಕಿಲ್ಲ. ಶಾಲಾ ಮಕ್ಕಳ ಹಲ್ಲಿನ ಮೇಲೆ ಬಿಳಿ ಮಚ್ಚೆ, ಕಂದು ಗೆರೆ. ಇದು ಹಲ್ಲುಜ್ಜದ ಕೊಳೆಯಲ್ಲ, ಉಜ್ಜಿದರೆ ಹೋಗುವುದೂ ಇಲ್ಲ. ಹಲ್ಲು ವಸಡಿನೊಳಗೆ ರೂಪುಗೊಳ್ಳುತ್ತಿರುವಾಗಲೇ, ಅಂದರೆ ಎಂಟು ವರ್ಷದ ಒಳಗೆ ಕುಡಿದ ನೀರಿನ ಗುರುತು ಅದು. ಮದುವೆ ಮಾತುಕತೆಯಲ್ಲಿ ಹೆಣ್ಣಿನ ಹಲ್ಲು ನೋಡಿ "ಕೊಳಕು" ಎನ್ನುವವರಿಗೆ ಬೇಕಾದರೆ ಈ ಒಂದು ಪ್ಯಾರಾ ಮಾತ್ರ ಫಾರ್ವರ್ಡ್ ಮಾಡಿ.

ಅದೇ ನೀರು ಕುಡಿದ ದನಗಳ ಹಲ್ಲಿನಲ್ಲೂ ಅದೇ ಮಚ್ಚೆ ಬರುತ್ತದೆ. ಹಾಗಾಗಿ ಮಣ್ಣಿನಲ್ಲಿ ಸಿಕ್ಕ ಹಲ್ಲು ಮಚ್ಚೆಮಚ್ಚೆಯಾಗಿದೆ, ಗುಳಿ ಬಿದ್ದಿದೆ ಎಂಬುದು ಹಳೆಯದು ಎನ್ನುವುದಕ್ಕೆ ಸಾಕ್ಷಿಯಲ್ಲ.

ಇನ್ನೂ ಕುತೂಹಲದ ಸಂಗತಿ, ಸತ್ತ ಮೇಲೂ ಹಲ್ಲು ಫ್ಲೋರೈಡ್ ಹೀರುತ್ತದೆ. ಮಣ್ಣಿನಲ್ಲಿ ಹುದುಗಿದ ಮೂಳೆ, ಹಲ್ಲುಗಳ ಖನಿಜಕ್ಕೆ ನೆಲದ ನೀರಿನ ಫ್ಲೋರೈಡ್ ಮೆಲ್ಲಗೆ ಸೇರುತ್ತಾ ಹೋಗುತ್ತದೆ. ಹೆಚ್ಚು ಕಾಲ ಹುದುಗಿದ್ದರೆ ಹೆಚ್ಚು ಫ್ಲೋರೈಡ್. ಇಂಗ್ಲೆಂಡಿನ ಪಿಲ್ಟ್‌ಡೌನ್‌ನಲ್ಲಿ ಸಿಕ್ಕಿದ್ದೆಂದು 1912ರಲ್ಲಿ ಪ್ರಕಟಿಸಿದ "ಆದಿಮಾನವ"ನ ಬುರುಡೆ ಮೋಸ ಎಂದು 1953ರಲ್ಲಿ ಬಯಲಾದದ್ದರ ಹಿಂದೆ ಈ ಪರೀಕ್ಷೆಯದ್ದೂ ದೊಡ್ಡ ಪಾಲು. ಬುರುಡೆ ಮನುಷ್ಯನದ್ದು, ದವಡೆ ಒರಾಂಗುಟಾನ್‌ನದ್ದು, ಹಲ್ಲುಗಳನ್ನು ಅರದಿಂದ ಉಜ್ಜಿ ಬಣ್ಣ ಹಚ್ಚಿದ್ದರು. ಆದರೆ ಈ ಪರೀಕ್ಷೆ ಒಂದೇ ಜಾಗದಲ್ಲಿ ಸಿಕ್ಕ ವಸ್ತುಗಳನ್ನು ಹೋಲಿಸಲು ಮಾತ್ರ ಸರಿ. ಪಾವಗಡದಂಥ ಫ್ಲೋರೈಡ್ ನೀರಿನಲ್ಲಿ ಬಿದ್ದ ಹಲ್ಲು ಬೇರೆ ಊರಿನದಕ್ಕಿಂತ ಬೇಗ ತುಂಬಿಕೊಳ್ಳುತ್ತದೆ. "ಲ್ಯಾಬ್‌ನಲ್ಲಿ ಫ್ಲೋರೈಡ್ ಜಾಸ್ತಿ ಬಂತು, ಹಾಗಾಗಿ ಪುರಾತನ" ಎಂದು ಯಾರಾದರೂ ಕಾಗದ ತೋರಿಸಿದರೆ, ಅದೇ ಗುಂಡಿಯ ಬೇರೆ ಮೂಳೆಯಲ್ಲಿ ಎಷ್ಟಿತ್ತು ಎಂದು ಕೇಳಿ.

ಕಾರ್ಬನ್ ಡೇಟಿಂಗ್ ಹೆಸರೂ ಫಾರ್ವರ್ಡ್‌ಗಳಲ್ಲಿ ಧಾರಾಳ. ಅದು ಸುಮಾರು 50,000 ವರ್ಷದ ತನಕ ಮಾತ್ರ ಕೆಲಸ ಮಾಡುತ್ತದೆ. "ಕಾರ್ಬನ್ ಡೇಟಿಂಗ್ ಪ್ರಕಾರ 20 ಲಕ್ಷ ವರ್ಷ" ಎಂದು ಬರೆದಿದ್ದರೆ ಬರೆದವರಿಗೆ ವಿಷಯ ಗೊತ್ತಿಲ್ಲ. ಹುಣಸಗಿ ಬಳಿಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಉತ್ಖನನ ಮಾಡಿದಾಗ ಸಿಕ್ಕ ಸಸ್ಯಾಹಾರಿ ಪ್ರಾಣಿಗಳ ಹಲ್ಲಿನಿಂದ ಸುಮಾರು 12 ಲಕ್ಷ ವರ್ಷ ಎಂಬ ಕಾಲಮಾನ ಬಂದದ್ದು ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್ ಎಂಬ ವಿಧಾನದಿಂದ. ಸುತ್ತಲಿನ ಮಣ್ಣಿನಿಂದ ಸದಾ ಬರುವ ಅತಿ ಸಣ್ಣ ವಿಕಿರಣ ಹಲ್ಲಿನ ಎನಾಮೆಲ್‌ನಲ್ಲಿ ತನ್ನ ಗುರುತು ಬಿಡುತ್ತಾ ಹೋಗುತ್ತದೆ, ಅದನ್ನು ಎಣಿಸುತ್ತಾರೆ. ಒಂದು ವರ್ಷಕ್ಕೆ ಎಷ್ಟು ವಿಕಿರಣ ಬೀಳುತ್ತಿತ್ತು ಎಂದು ತಿಳಿಯಲು ಹಲ್ಲಿನ ಸುತ್ತಲಿದ್ದ ಅದೇ ಮಣ್ಣು ಬೇಕು. ಮನೆಗೆ ತಂದು ಸಾಬೂನು ಹಾಕಿ ತೊಳೆದು ಶೋಕೇಸಿನಲ್ಲಿಟ್ಟ ಹಲ್ಲಿನಿಂದ ಆ ಲೆಕ್ಕ ತೆಗೆಯುವುದು ಬಹಳ ಕಷ್ಟ.

ತಜ್ಞರೂ ಒಂದೇ ಹಲ್ಲಿನ ಮೇಲೆ ತೀರ್ಪು ಕೊಡಲು ಹಿಂಜರಿಯುತ್ತಾರೆ, ಅದಕ್ಕೂ ಕಾರಣವಿದೆ. 1922ರಲ್ಲಿ ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂನ ಹೆನ್ರಿ ಫೇರ್‌ಫೀಲ್ಡ್ ಆಸ್ಬರ್ನ್ ನೆಬ್ರಾಸ್ಕಾದಲ್ಲಿ ಸಿಕ್ಕ ಸವೆದ ಒಂದೇ ಒಂದು ಹಲ್ಲನ್ನು ನೋಡಿ ಅಮೆರಿಕದ ಮೊದಲ ವಾನರ ಎಂದು ಸಾರಿದರು. ಪತ್ರಿಕೆಗಳು ಅದನ್ನು "ನೆಬ್ರಾಸ್ಕಾ ಮಾನವ" ಮಾಡಿ ಚಿತ್ರ ಬರೆಸಿದವು. ಜಾಗವನ್ನು ಮತ್ತೆ ಅಗೆದಾಗ ಅದು ಪೆಕರಿ ಎಂಬ ಹಂದಿಯಂಥ ಪ್ರಾಣಿಯದ್ದು ಎಂದು ತಿಳಿದು 1927ರಲ್ಲಿ ಹಿಂತೆಗೆದುಕೊಂಡರು. ಆಸ್ಬರ್ನ್ ಆ ಕಾಲದ ದೊಡ್ಡ ಪಳೆಯುಳಿಕೆ ತಜ್ಞ. ಆ್ಯಪ್ ಅಲ್ಲ.

ಹಲ್ಲು ಸಿಕ್ಕರೆ ಏನು ಮಾಡಬೇಕು

ಕೈಗೆತ್ತಿಕೊಳ್ಳುವ ಮೊದಲು ಬಿದ್ದ ಜಾಗದಲ್ಲೇ ಫೋಟೊ ತೆಗೆಯಿರಿ, ಮಣ್ಣಿನ ಪದರ ಕಾಣುವಂತೆ. ಮೇಲಿನಿಂದ ಎಷ್ಟು ಅಡಿ ಆಳ ಎಂದು ಬರೆದುಕೊಳ್ಳಿ. ನಂತರ ಅಗಿಯುವ ಮೇಲ್ಮೈ, ಎರಡೂ ಬದಿ, ಬುಡ, ಒಂದೊಂದರದ್ದೂ ಫೋಟೊ. ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಡಿ, ಅದರ ಅಗಲ 27 ಮಿ.ಮೀ., ಗಾತ್ರ ಅಂದಾಜಿಸಲು ಅದಕ್ಕಿಂತ ಸುಲಭ ಅಳತೆ ಇಲ್ಲ. ಫ್ಲಾಶ್ ಬೇಡ, ಬೆಳಗ್ಗೆಯ ಓರೆ ಬಿಸಿಲು ಸಾಕು, ಆ ಪುಟ್ಟ ಕಂಬ ಕಾಣುವುದು ಓರೆ ಬೆಳಕಿನಲ್ಲೇ. ತೊಳೆಯಬೇಡಿ, ಫೆವಿಕಾಲ್, ವಾರ್ನಿಷ್ ಹಚ್ಚಬೇಡಿ. ಅಂಟಿದ ಮಣ್ಣಿನ ಸಮೇತ ಕಾಗದದಲ್ಲಿ ಸುತ್ತಿಡಿ. ಕೈ ಮಾತ್ರ ಚೆನ್ನಾಗಿ ತೊಳೆದುಕೊಳ್ಳಿ.

ಮೊದಲು ತೋರಿಸಬೇಕಾದವರು ನಿಮ್ಮ ಊರಿನ ಪಶುವೈದ್ಯರು. ದನದ ಹಲ್ಲು ದನದ್ದು ಎಂದು ಅವರು ನೋಡಿದ ಕೂಡಲೇ ಹೇಳುತ್ತಾರೆ, ಹತ್ತರಲ್ಲಿ ಒಂಬತ್ತು ಸಲ ವಿಷಯ ಅಲ್ಲಿಗೇ ಮುಗಿಯಬಹುದು. ಅವರಿಗೂ ಹೊಂದಿಕೆಯಾಗದಿದ್ದರೆ ಪಶುವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗ, ವಿಶ್ವವಿದ್ಯಾಲಯದ ಭೂವಿಜ್ಞಾನ ಅಥವಾ ಪುರಾತತ್ವ ವಿಭಾಗ, ಬೆಂಗಳೂರಿನಲ್ಲಿರುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಕಚೇರಿ.

ಚೂಪಾದ ಕೋರೆಹಲ್ಲು ಸಿಕ್ಕರೆ ಇನ್ನಷ್ಟು ಎಚ್ಚರ ಬೇಕು. ಈ ಬೆಟ್ಟಗಳಲ್ಲಿ ಚಿರತೆ, ಕರಡಿ ಈಗಲೂ ಇವೆ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳ ಸಂರಕ್ಷಿತ ಪ್ರದೇಶವೇ ಇದೆ. ಇವುಗಳ ಹಲ್ಲು, ಉಗುರು, ಕೊಂಬು ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. 2023ರಲ್ಲಿ ಹುಲಿ ಉಗುರಿನ ಪೆಂಡೆಂಟ್‌ಗಳ ಗಲಾಟೆ ಎಷ್ಟು ದೂರ ಹೋಯಿತೆಂದು ಎಲ್ಲರೂ ನೋಡಿದ್ದಾರೆ. "ಪಳೆಯುಳಿಕೆ ಅಂದುಕೊಂಡಿದ್ದೆ" ಎಂಬ ಮಾತನ್ನು ಅರಣ್ಯ ಇಲಾಖೆ ಒಪ್ಪುತ್ತದೆ ಎಂದು ನಂಬಿ ಕೂರಬೇಡಿ. ಸಿಕ್ಕ ದಿನವೇ ಅವರಿಗೆ ತಿಳಿಸಿ.

ಮತ್ತು "ಅಳಿದ ಪ್ರಾಣಿಯ ಹಲ್ಲು, ವಿದೇಶದಲ್ಲಿ ಲಕ್ಷಗಟ್ಟಲೆ ಬೆಲೆ, ಮೊದಲು ಪರೀಕ್ಷೆಗೆ ಹತ್ತು ಸಾವಿರ ಕಳಿಸಿ" ಎಂದು ಯಾರಾದರೂ ಫೋನ್ ಮಾಡಿದರೆ ಹಣ ಕಳಿಸಬೇಡಿ. ಇದು ರೈಸ್ ಪುಲ್ಲಿಂಗ್, ಎರಡು ತಲೆ ಹಾವಿನ ಹೆಸರಿನಲ್ಲಿ ನಡೆಯುವ ದಂಧೆಯ ವರಸೆಯೇ, ಸರಕು ಮಾತ್ರ ಬೇರೆ. ಸೈಬರ್ ಅಪರಾಧ ಸಹಾಯವಾಣಿ 1930.

ಫಾರ್ವರ್ಡ್‌ನಲ್ಲಿ ಹಲ್ಲಿನ ಜೊತೆಗೆ ಘಟೋತ್ಕಚನ ಬೃಹತ್ ಅಸ್ಥಿಪಂಜರದ ಫೋಟೊ ಕೂಡ ಇದ್ದರೆ ಕೆಲಸ ಇನ್ನೂ ಸುಲಭ. ಅದು 2002ರಲ್ಲಿ ಫೋಟೊಶಾಪ್ ಸ್ಪರ್ಧೆಯೊಂದಕ್ಕೆ ಮಾಡಿದ ಚಿತ್ರ. ತಮಗೂ ಅದಕ್ಕೂ ಸಂಬಂಧವಿಲ್ಲ ಎಂದು ನ್ಯಾಷನಲ್ ಜಿಯಾಗ್ರಫಿಕ್ 2007ರಲ್ಲೇ ಹೇಳಿದೆ. ಆ ಚಿತ್ರ ಇನ್ನೂ ಗ್ರೂಪ್‌ನಿಂದ ಗ್ರೂಪ್‌ಗೆ ಓಡಾಡುತ್ತಲೇ ಇದೆ.